ಒಂದೇ ಗಣಕದ ಸಾಕ್ಷ್ಯ ಸಾಲದು

ಎಣ್ಣೆಯ ಹನಿಗಳ ನೆರವಿನಿಂದ ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆದ ಮಿಲಿಕನ್ನನ ಪ್ರಯೋಗವನ್ನು ವಿಜ್ಞಾನದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ೧೯೧೩ರಲ್ಲಿ ಆತನು ಪ್ರಕಟಿಸಿದ ಬೆಲೆಯು ಇಂದು ನಾವು ಒಪ್ಪಿರುವುದಕ್ಕಿಂತ ಸುಮಾರು ಶೇಕಡಾ ೦.೬ರಷ್ಟು ಕಡಮೆ. ಇದಕ್ಕೆ ಮುಖ್ಯ ಕಾರಣ ಆತನ ಕೈಚಳಕದ ಕೊರತೆಯಲ್ಲ. ಲೆಕ್ಕದಲ್ಲಿ ಬಳಸಿದ ಗಾಳಿಯ ಸ್ನಿಗ್ಧತೆಯ ಬೆಲೆಯೇ ತಪ್ಪಾಗಿದ್ದಿತು. ಅದೇ ಉಪಕರಣದಿಂದ ಸಾವಿರ ಸಲ ಅಳೆದಿದ್ದರೂ ಈ ದೋಷವು ಹೊರಬೀಳುತ್ತಿರಲಿಲ್ಲ. ೧೯೩೦ರ ಸುಮಾರಿಗೆ ಸ್ಫಟಿಕಗಳ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ, ಬೇರೊಂದು ಮಾರ್ಗದಿಂದ ಅದೇ ರಾಶಿಯನ್ನು ಕಂಡುಹಿಡಿದಾಗ ಎರಡು ಉತ್ತರಗಳು ಹೊಂದಲಿಲ್ಲ. ಆಗ ದೋಷವು ಬಯಲಾಯಿತು. ಬೇರೆ ಬೇರೆ ಉಪಕರಣಗಳು ಒಂದೇ ಮಾತನ್ನು ನುಡಿಯುವವರೆಗೆ ಅಳತೆಯನ್ನು ಪೂರ್ತಿಯಾಗಿ ನಂಬಕೂಡದೆಂಬುದು ಭೌತವಿಜ್ಞಾನದ ಹಳೆಯ ಪಾಠ.

ಗಣಕದ ಮುಂದೆ ಕುಳಿತೊಡನೆ ನಾವು ಈ ಪಾಠವನ್ನು ಮರೆಯುತ್ತೇವೆ. ನಾವು ಬರೆದ ಪ್ರೋಗ್ರಾಮನ್ನು ಗಣಕವು ನೇರವಾಗಿ ಅರಿಯಲಾರದು. ಕಂಪೈಲರು ಎಂಬ ಅನುವಾದಕವು ಅದನ್ನು ಯಂತ್ರದ ಭಾಷೆಗೆ ತಿರುಗಿಸಬೇಕು. ಆ ಕಂಪೈಲರು, ಅದರ ಆವೃತ್ತಿ, ಕಾರ್ಯವ್ಯವಸ್ಥೆ, ಸಂಸ್ಕಾರಕ ಇವೆಲ್ಲವೂ ಸೇರಿ ಒಂದು ಉಪಕರಣವೇ ಸರಿ. ಇಂಥ ಒಂದೇ ಉಪಕರಣವು ಕೊಟ್ಟ ಉತ್ತರವನ್ನು ಪ್ರಕೃತಿಯ ಉತ್ತರವೆಂದು ಸಾರುವುದು ಎಷ್ಟರಮಟ್ಟಿಗೆ ನ್ಯಾಯ?

ಮೂಲವು ಒಂದೇ ಆಗಿರುವಾಗ ಅನುವಾದಗಳಲ್ಲಿ ಭೇದವೇಕೆ ಎಂದು ವಾಚಕರು ಕೇಳಬಹುದು. ಭಾಷೆಯ ನಿಯಮಗಳು ಕೆಲವು ವಿಷಯಗಳನ್ನು ಕಂಪೈಲರಿನ ಇಷ್ಟಕ್ಕೆ ಬಿಟ್ಟಿರುತ್ತವೆ. ಸಿ ಭಾಷೆಯ ‘ಲಾಂಗ್’ ಎಂಬ ಪೂರ್ಣಾಂಕವು ೬೪ ಬಿಟ್‌ಗಳ ಲಿನಕ್ಸಿನಲ್ಲಿ ೬೪ ಬಿಟ್ ಅಗಲವಾಗಿದ್ದರೆ, ೬೪ ಬಿಟ್‌ಗಳ ವಿಂಡೋಸಿನಲ್ಲಿ ೩೨ ಬಿಟ್ ಮಾತ್ರ. ಎರಡು ಸಂಖ್ಯೆಗಳನ್ನು ಗುಣಿಸಿ ಮೂರನೆಯದನ್ನು ಕೂಡಿಸುವಾಗ, ಒಂದೆಡೆ ಕೊನೆಯ ಅಂಕಿಯನ್ನು ಎರಡು ಸಲ ದುಂಡುಗೊಳಿಸಿದರೆ ಇನ್ನೊಂದೆಡೆ ಒಂದೇ ಸಲ ದುಂಡುಗೊಳಿಸುವುದುಂಟು. ೧೯೮೫ರ ಐಇಇಇ ೭೫೪ ಎಂಬ ಮಾನಕವು ಸಂಕಲನ, ಗುಣಾಕಾರ ಮೊದಲಾದ ಮೂಲಕ್ರಿಯೆಗಳಿಗೆ ಕಟ್ಟುನಿಟ್ಟಾದ ನಿಯಮವನ್ನು ವಿಧಿಸಿತು. ಆದರೆ ಸೈನ್, ಲಾಗರಿದಮ್ ಮುಂತಾದ ಫಲನಗಳನ್ನು ಹಾಗೆ ಕಟ್ಟಿಹಾಕಲಿಲ್ಲ.

ಕೊನೆಯ ಅಂಕಿಯಲ್ಲಿ ಕೂದಲೆಳೆಯಷ್ಟು ಭೇದವಾದರೆ ಏನು ಮಹಾ ಎನ್ನುವಂತಿಲ್ಲ. ಜಿನೀವದ ಬಳಿಯ ಸೆರ್ನ್ ಸಂಸ್ಥೆಯು ೨೦೦೪ರಲ್ಲಿ ಸ್ವಯಂಸೇವಕರ ಮನೆಯ ಗಣಕಗಳನ್ನು ಕೂಡಿಸಿಕೊಂಡು, ತಾನು ಕಟ್ಟುತ್ತಿದ್ದ ಮಹಾವರ್ತುಲದಲ್ಲಿ ಪ್ರೋಟಾನುಗಳ ಪಥವನ್ನು ಸುತ್ತು ಸುತ್ತಾಗಿ ಲೆಕ್ಕಹಾಕಿಸಿತು. ಒಂದೇ ಲೆಕ್ಕಕ್ಕೆ ಬೇರೆ ಬೇರೆ ಗಣಕಗಳು ಬೇರೆ ಬೇರೆ ಉತ್ತರಗಳನ್ನಿತ್ತವು. ಮೇಲೆ ಹೇಳಿದ ಫಲನಗಳಲ್ಲಿನ ಸೂಕ್ಷ್ಮಭೇದವು ಸುತ್ತು ಸುತ್ತಿಗೂ ಬೆಳೆದು ದೊಡ್ಡದಾಗಿದ್ದಿತು. ಸರಿಯಾಗಿ ದುಂಡುಗೊಳಿಸುವ ಫಲನಗಳನ್ನು ಅಳವಡಿಸಿದ ಮೇಲೆಯೇ ಉತ್ತರಗಳು ಹೊಂದಿದವು. ಅದೇ ಲೆಕ್ಕವನ್ನು ಒಂದಕ್ಕಿಂತ ಹೆಚ್ಚು ಗಣಕಗಳಿಗೆ ಕೊಟ್ಟು ಹೋಲಿಸಿದ್ದರಿಂದ ಇದು ಗೊತ್ತಾಯಿತೆಂಬುದನ್ನು ಗಮನಿಸಬೇಕು.

ರಸಾಯನವಿಜ್ಞಾನದ ನಿದರ್ಶನ ಇನ್ನೂ ಕಳವಳಕಾರಿಯಾದುದು. ಅಣುಗಳ ಕಾಂತೀಯ ಅನುರಣನದ ಬೆಲೆಗಳನ್ನು ಲೆಕ್ಕಹಾಕುವ ಪೈಥಾನ್ ಪ್ರೋಗ್ರಾಮೊಂದು ೨೦೧೪ರಲ್ಲಿ ಪ್ರಕಟವಾಗಿ ಬಳಕೆಗೆ ಬಂದಿತ್ತು. ಅದು ಕಡತಗಳ ಪಟ್ಟಿಯು ಒಂದು ಗೊತ್ತಾದ ಕ್ರಮದಲ್ಲಿಯೇ ದೊರೆಯುವುದೆಂದು ನಂಬಿದ್ದಿತು. ಆದರೆ ಆ ಕ್ರಮವು ಕಾರ್ಯವ್ಯವಸ್ಥೆಯಿಂದ ಕಾರ್ಯವ್ಯವಸ್ಥೆಗೆ ಬದಲಾಗುತ್ತದೆ. ಕ್ರಮವು ತಪ್ಪಿದಲ್ಲಿ ಒಂದರ ಅಂಕಿಯು ಮತ್ತೊಂದಕ್ಕೆ ಅಂಟಿ, ಯಾವ ಎಚ್ಚರಿಕೆಯೂ ಇಲ್ಲದೆ ತಪ್ಪು ಉತ್ತರವು ಬರುತ್ತಿದ್ದಿತು. ಹವಾಯಿ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೯ರಲ್ಲಿ ಇದನ್ನು ಬಯಲಿಗೆಳೆಯುವ ವೇಳೆಗೆ ಐದು ವರ್ಷ ಕಳೆದಿತ್ತು.

ಇದಕ್ಕೆ ಪರಿಹಾರವು ತಂತ್ರಾಂಶಜ್ಞರ ಕೈಯಲ್ಲಿ ಆಗಲೇ ಇದೆ. ೧೯೯೦ರ ದಶಕದಿಂದ ಬಳಕೆಗೆ ಬಂದ ಈ ಪದ್ಧತಿಯನ್ನು ‘ನಿರಂತರ ಏಕೀಕರಣ’ ಎನ್ನುತ್ತಾರೆ. ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಾದರೂ ಸಾಕು, ಮನುಷ್ಯನ ಕೈ ಸೋಕದೆ, ಪರಿಚಾರಕ ಗಣಕಗಳು ಎಚ್ಚೆತ್ತು, ಏನೂ ಬರೆಯದ ಹಲಗೆಯಂಥ ಹೊಸ ವ್ಯವಸ್ಥೆಯಲ್ಲಿ ಅದನ್ನು ಮೊದಲಿನಿಂದ ಕಟ್ಟುತ್ತವೆ. ಉತ್ತರ ತಿಳಿದಿರುವ ಸಮಸ್ಯೆಗಳನ್ನು ಅದಕ್ಕೆ ಒಡ್ಡುತ್ತವೆ. ಹೊಂದದಿದ್ದರೆ ಕೂಡಲೆ ತಿಳಿಸುತ್ತವೆ. ಇದನ್ನು ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲಿಯೂ, ಜಿಸಿಸಿ, ಕ್ಲ್ಯಾಂಗ್ ಮುಂತಾದ ಕಂಪೈಲರುಗಳ ಹಲವು ಆವೃತ್ತಿಗಳಲ್ಲಿಯೂ ನಡೆಸಬಹುದು.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಮೂರು ಕಾರ್ಯವ್ಯವಸ್ಥೆ, ನಾಲ್ಕು ಕಂಪೈಲರು, ಎರಡು ಸಂಸ್ಕಾರಕ ಎಂದರೆ ೨೪ ಪರೀಕ್ಷೆಗಳಾದವು. ಇಷ್ಟು ಕಾಲ, ಇಷ್ಟು ವಿದ್ಯುತ್ತು ಯಾರಿಗಿದೆ? ಆದರೆ ಎಲ್ಲ ಮನೆಗಳನ್ನೂ ತುಂಬಬೇಕಾಗಿಲ್ಲ. ನಾವು ಬೆಂಬಲಿಸುವ ಅತಿ ಹಳೆಯ ಆವೃತ್ತಿ, ಅತಿ ಹೊಸದು, ಬೇರೊಂದು ವಂಶದ ಕಂಪೈಲರು ಒಂದು, ಬೇರೊಂದು ಕಾರ್ಯವ್ಯವಸ್ಥೆ ಒಂದು: ನಾಲ್ಕು ಮೂಲೆಗಳನ್ನು ಕಾದರೆ ಬಹುಪಾಲು ಕಳ್ಳರು ಸಿಕ್ಕಿಬೀಳುತ್ತಾರೆ. ಉಳಿದವನ್ನು ರಾತ್ರಿಯ ಹೊತ್ತು ನಡೆಸಿದರಾಯಿತು. ಎಲ್ಲ ಉತ್ತರಗಳೂ ಒಂದೇ ಆದ ಮಾತ್ರಕ್ಕೆ ಸತ್ಯವಾಯಿತೇ ಎಂಬುದು ಮತ್ತೊಂದು ಆಕ್ಷೇಪ. ಸೂತ್ರವೇ ತಪ್ಪಿದ್ದರೆ ಎಲ್ಲ ಗಣಕಗಳೂ ಒಕ್ಕೊರಲಿನಿಂದ ತಪ್ಪನ್ನೇ ಹೇಳುವುವು, ನಿಜ. ಏಕಾಭಿಪ್ರಾಯವು ಸತ್ಯಕ್ಕೆ ಪ್ರಮಾಣವಲ್ಲ. ಆದರೆ ಸಲ್ಲುವ ಮಿತಿಯನ್ನು ಮೀರಿದ ಭಿನ್ನಾಭಿಪ್ರಾಯವು ಎಲ್ಲೋ ಲೋಪವಿದೆಯೆಂಬುದಕ್ಕೆ ಪ್ರಮಾಣ. ಕಟ್ಟಕಡೆಯ ಅಂಕಿಯವರೆಗೂ ಹೊಂದಿಕೆಯನ್ನು ಬಯಸಬೇಕಾಗಿಲ್ಲ. ಎಷ್ಟು ಅಂಕಿಗಳನ್ನು ನಂಬಬಹುದೆಂದು ಮೊದಲೇ ಸಾರುವುದು ಲೇಖಕನ ಹೊಣೆ.

ನನ್ನ ಸಲಹೆ ಇಷ್ಟೆ. ಸಾರ್ವಜನಿಕರ ಹಣದಿಂದ ನಡೆಯುವ ಸಂಶೋಧನೆಯಲ್ಲಿ ಗಣಕದ ಫಲಿತಾಂಶವೊಂದನ್ನು ಪ್ರಕಟಿಸುವವರು, ಅದು ಯಾವ ಯಾವ ಕಂಪೈಲರು ಮತ್ತು ವ್ಯವಸ್ಥೆಗಳಲ್ಲಿ ಪರೀಕ್ಷಿತವಾಯಿತೆಂಬುದನ್ನೂ ಜೊತೆಗೆ ಪ್ರಕಟಿಸತಕ್ಕದ್ದು. ನಮ್ಮ ಎಂ.ಎಸ್‌ಸಿ. ವಿದ್ಯಾರ್ಥಿಗಳು ವರ್ನಿಯರ್ ಮಾಪಕದ ಕನಿಷ್ಠ ಅಳತೆಯನ್ನು ದಾಖಲೆ ಪುಸ್ತಕದಲ್ಲಿ ತಪ್ಪದೆ ಬರೆಯುತ್ತಾರೆ. ಕಂಪೈಲರಿನ ಹೆಸರನ್ನೂ ಆವೃತ್ತಿಯನ್ನೂ ಬರೆಯುವುದು, ಎರಡನೆಯ ಗಣಕದಲ್ಲಿ ಬಂದ ಉತ್ತರವನ್ನು ಪಕ್ಕದಲ್ಲಿ ನಮೂದಿಸುವುದು ಅದಕ್ಕಿಂತ ಕಷ್ಟವಲ್ಲ. ಇದರಿಂದ ಇನ್ನೊಂದು ಲಾಭವೂ ಉಂಟು. ಹಳೆಯ ಕಂಪೈಲರಿನಲ್ಲಿಯೂ ನಡೆಯುವುದೆಂದು ದಿನವೂ ಪರೀಕ್ಷಿತವಾದ ಪ್ರೋಗ್ರಾಮು, ಹೊಸ ಗಣಕವನ್ನು ಕೊಳ್ಳಲಾರದ ಸಣ್ಣ ಊರಿನ ಕಾಲೇಜಿನಲ್ಲಿಯೂ ನಡೆಯುತ್ತದೆ. ಅಲ್ಲಿಯ ವಿದ್ಯಾರ್ಥಿಯೂ ದೊಡ್ಡ ಪ್ರಯೋಗಾಲಯದ ಲೆಕ್ಕವನ್ನು ತಾನೇ ಮಾಡಿ, ಒಪ್ಪಲು ಅಥವಾ ಅಲ್ಲಗಳೆಯಲು ಶಕ್ತನಾಗುತ್ತಾನೆ. ಆ ಅವಕಾಶವು ಎಲ್ಲರಿಗೂ ದೊರೆಯುವವರೆಗೆ ಗಣಕದ ಉತ್ತರವನ್ನು ನಾವು ನಂಬಬಹುದು, ಆದರೆ ಅರಿತೆವೆಂದು ಹೇಳಲಾಗದು.