ವಾಲೆಟ್ ನಿಧಾನವಾದಾಗ ಅವಸರ ಬೇಡ: 19 ದಿನಗಳ ಪಾಠ



ಕಳೆದ ಬೇಸಿಗೆಯಲ್ಲಿ ಮಗಳ ಕಾಲೇಜಿನ ಮೊದಲ ಸೆಮಿಸ್ಟರ್ ಫೀಸು ಕಟ್ಟಬೇಕಿತ್ತು. ಕಡೆಯ ದಿನಕ್ಕೆ ಇನ್ನೂ 12 ದಿನ ಇತ್ತು. 2017ರಲ್ಲಿ ಕೊಂಡು ನನ್ನದೇ ವಾಲೆಟ್‌ನಲ್ಲಿ ಇಟ್ಟಿದ್ದ ಬಿಟ್‌ಕಾಯಿನ್‌ನಲ್ಲಿ ಒಂದಿಷ್ಟು ಮಾರಿದರಾಯಿತು ಎಂದುಕೊಂಡೆ. ನನ್ನ ಎಕ್ಸೆಲ್ ಶೀಟಿನಲ್ಲಿ ಅದು 'ಲಿಕ್ವಿಡ್' ಅನ್ನುವ ಕಾಲಮ್ಮಿನಲ್ಲಿ, ಷೇರುಗಳ ಪಕ್ಕದಲ್ಲೇ ಕೂತಿತ್ತು. ಇಲ್ಲಿ ಅಮೆರಿಕದಲ್ಲಿ 2024ರ ಮೇ ತಿಂಗಳಿಂದ ಷೇರು ಮಾರಿದರೆ ಮುಂದಿನ ವಹಿವಾಟಿನ ದಿನವೇ ಸೆಟ್ಲ್ ಆಗುತ್ತದೆ. ಬಿಟ್‌ಕಾಯಿನ್ ಆದರೆ ಶನಿವಾರ, ಭಾನುವಾರ ಅಂತ ನೋಡದೆ ಓಡುತ್ತದೆ. ಅದು ಇನ್ನೂ ಬೇಗ ಆಗಬೇಕು ತಾನೇ?

ದುಡ್ಡು ನನ್ನ ಬ್ಯಾಂಕಿಗೆ ಬಂದದ್ದು 19ನೆಯ ದಿನ. ಫೀಸು ಕಟ್ಟಿದ್ದು ಇಂಡೆಕ್ಸ್ ಫಂಡ್ ಮಾರಿ. ಮಧ್ಯದಲ್ಲಿ ಒಂದು ರಾತ್ರಿ, ಇದ್ದದ್ದನ್ನೆಲ್ಲ ನಾನೇ ಕೈಯಾರೆ ಕಳ್ಳನಿಗೆ ಕೊಡುವ ಹಂತಕ್ಕೂ ಹೋಗಿದ್ದೆ. ಎಂಬಿಎ ಮಾಡಿ, ಇಪ್ಪತ್ತು ವರ್ಷದಿಂದ ಬೇರೆಯವರ ಬ್ಯಾಲೆನ್ಸ್ ಶೀಟಿನಲ್ಲಿ ರಿಸ್ಕ್ ಹುಡುಕುವ ಕೆಲಸ ನನ್ನದು. ಅದಕ್ಕೇ ಇದನ್ನು ಬರೆಯಲು ಸ್ವಲ್ಪ ನಾಚಿಕೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನಿಮ್ಮಲ್ಲಿ ಕೆಲವರ ಮನೆಯ ಕ್ಲಾಸೆಟ್ಟಿನಲ್ಲೂ ಇಂಥದ್ದೇ ಒಂದು ಹಳೆಯ ಲ್ಯಾಪ್‌ಟಾಪ್ ಇರಬಹುದು.

ನಡೆದದ್ದು ಇಷ್ಟು

ನನ್ನದು ಇಡೀ ಬ್ಲಾಕ್‌ಚೈನನ್ನು ಸ್ವಂತ ಕಂಪ್ಯೂಟರಿಗೆ ಇಳಿಸಿಕೊಂಡು, ತಾನೇ ಪರಿಶೀಲಿಸುವ ಬಗೆಯ ವಾಲೆಟ್. ಇದನ್ನು 'ಫುಲ್ ನೋಡ್' ಎನ್ನುತ್ತಾರೆ. ಲ್ಯಾಪ್‌ಟಾಪ್ ತೆರೆದಾಗ 'ಮೂರು ವರ್ಷ ಹಿಂದಿದೆ' ಎಂದು ತೋರಿಸಿತು. ಬಿಟ್‌ಕಾಯಿನ್‌ನಲ್ಲಿ ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕ್, ಅಂದರೆ ದಿನಕ್ಕೆ 144. ಮೂರು ವರ್ಷಕ್ಕೆ ಒಂದೂವರೆ ಲಕ್ಷಕ್ಕೂ ಮೇಲೆ. ಅಷ್ಟನ್ನೂ ಆ ಮುದಿ ಲ್ಯಾಪ್‌ಟಾಪ್ ಒಂದೊಂದಾಗಿ ಇಳಿಸಿ ಲೆಕ್ಕ ನೋಡಬೇಕು. ಮೊದಲ ರಾತ್ರಿ ಫ್ಯಾನ್ ಹೊಡೆದುಕೊಂಡ ಸದ್ದಿಗೆ ಹೆಂಡತಿ ಎದ್ದು ಬಂದು, "ಏನ್ರೀ ಅದು, ಮಿಕ್ಸಿ ಹಾಕಿದ ಹಾಗೆ?" ಎಂದು ಕೇಳಿದಳು.

ಎರಡನೆಯ ರಾತ್ರಿ ಬಾಕಿ ಸಮಯದ ಅಂದಾಜು ಇಳಿಯುವ ಬದಲು ಏರತೊಡಗಿತು. ತಾಳ್ಮೆ ಕೆಟ್ಟು ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ. ಬೆಳಗ್ಗೆ ತೆರೆದರೆ, ಡೇಟಾಬೇಸ್ ಕೆಟ್ಟಿದೆ, ಮತ್ತೆ ಕಟ್ಟಲೇ ಎಂದು ಕೇಳಿತು. 'ಓಕೆ' ಒತ್ತಿದೆ. ಕೆಲಸ 2009ರ ಜನವರಿಯ ಮೊದಲ ಬ್ಲಾಕಿನಿಂದ ಮತ್ತೆ ಶುರುವಾಯಿತು. ಬ್ಯಾಲೆನ್ಸ್ ಜಾಗದಲ್ಲಿ ಸೊನ್ನೆ.

ಆ ಸೊನ್ನೆ ನೋಡಿದ ಮೇಲೆ ನನ್ನ ತಲೆ ಓಡಲಿಲ್ಲ. ಸಹಾಯಕ್ಕೆ ಇಂಟರ್ನೆಟ್ ತಡಕಾಡಿದೆ. 'ವಾಲೆಟ್ ಸಿಂಕ್ ಸಮಸ್ಯೆಗೆ ಪರಿಹಾರ' ಎನ್ನುವ ಒಂದು ಪುಟ ಸಿಕ್ಕಿತು. ಅಚ್ಚುಕಟ್ಟಾಗಿತ್ತು, ಚಾಟ್‌ನಲ್ಲಿ ಒಬ್ಬ ವಿನಯದಿಂದ ಉತ್ತರಿಸುತ್ತಿದ್ದ. ವಾಲೆಟ್ ಫೈಲ್ ಅಪ್‌ಲೋಡ್ ಮಾಡಿ, ಪಾಸ್‌ವರ್ಡ್ ಹಾಕಿ, ನಾವು ಸರ್ವರಿನಲ್ಲಿ ಹತ್ತು ನಿಮಿಷದಲ್ಲಿ ಸಿಂಕ್ ಮಾಡಿಕೊಡುತ್ತೇವೆ ಎಂದ. ನಾನು ಫೈಲನ್ನು ಹುಡುಕಿ ಡೆಸ್ಕ್‌ಟಾಪ್‌ಗೆ ತಂದಿಟ್ಟೂ ಆಗಿತ್ತು. ಆಗ ಅವನು, "ಜೊತೆಗೆ ನಿಮ್ಮ 12 ಪದಗಳನ್ನೂ ಕೊಡಿ" ಅಂದ.

ನನ್ನ ವಾಲೆಟ್ ನನಗೆ 12 ಪದ ಕೊಟ್ಟೇ ಇರಲಿಲ್ಲ. ಅದರ ಬೀಗದ ಕೈ ಇರುವುದು ಒಂದು ಫೈಲಿನಲ್ಲಿ. ಇವನಿಗೆ ನನ್ನ ವಾಲೆಟ್ ಯಾವ ಬಗೆಯದು ಅನ್ನುವುದೇ ಗೊತ್ತಿಲ್ಲ, ಸರಿಮಾಡುವುದೇನು ಬಂತು ಎಂದು ಅಲ್ಲಿಗೆ ಹೊಳೆಯಿತು. ಪುಟ ಮುಚ್ಚಿದೆ. ಕೈ ನಡುಗುತ್ತಿತ್ತು. ಅವನು ಇನ್ನೊಂದು ಮಾತು ಆಡದೆ ಸುಮ್ಮನಿದ್ದಿದ್ದರೆ ನಾನು ಫೈಲು ಕೊಟ್ಟುಬಿಡುತ್ತಿದ್ದೆ.

ಪಾಸ್‌ಬುಕ್ ಎಂಟ್ರಿ ನೆನಪಿದೆಯೇ?

ಆಮೇಲೆ ನನಗೆ ಸಮಾಧಾನ ತಂದದ್ದು ಊರಿನ ಬ್ಯಾಂಕಿನ ನೆನಪು. ಎರಡು ವರ್ಷ ಬಿಟ್ಟು ಪಾಸ್‌ಬುಕ್ ಎಂಟ್ರಿ ಹಾಕಿಸಲು ಹೋದರೆ ಪ್ರಿಂಟರ್ ಪುಟದ ಮೇಲೆ ಪುಟ ಹೊಡೆಯುತ್ತ ಕೂರುತ್ತದೆ. ಹಿಂದೆ ಕ್ಯೂ ಬೆಳೆಯುತ್ತದೆ. ಹೊಸ ಪುಸ್ತಕ ಕೊಟ್ಟರಂತೂ ಮೊದಲ ಪುಟ ಖಾಲಿ. ಪುಸ್ತಕ ಖಾಲಿ ಇದೆಯೆಂದು ಖಾತೆಯ ದುಡ್ಡು ಹೋಗಿದೆ ಎಂದು ಯಾರೂ ಎದೆ ಬಡಿದುಕೊಳ್ಳುವುದಿಲ್ಲ.

ವಾಲೆಟ್ ಕೂಡ ಹಾಗೇ. ನಾಣ್ಯಗಳು ಲ್ಯಾಪ್‌ಟಾಪಿನಲ್ಲಿ ಇಲ್ಲ, ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿರುವ ಒಂದೇ ಲೆಕ್ಕದ ಪುಸ್ತಕದಲ್ಲಿ ಇವೆ. ನಿಮ್ಮ ಹತ್ತಿರ ಇರುವುದು ಕೀಲಿ ಮತ್ತು ಆ ಪುಸ್ತಕದ ಒಂದು ಪ್ರತಿ. ಪ್ರತಿ ಹಳೆಯದಾಗಿದ್ದರೆ ಬ್ಯಾಲೆನ್ಸ್ ತಪ್ಪು ತೋರಿಸುತ್ತದೆ, ಅಷ್ಟೆ. ಕೀಲಿ ಜೋಪಾನವಾಗಿದ್ದರೆ ನಿಧಾನದಿಂದ ಒಂದು ಪೈಸೆಯೂ ಹೋಗುವುದಿಲ್ಲ. ನನ್ನ ಹಳೆಯ ವಿಳಾಸವನ್ನು ಒಂದು ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ ಹಾಕಿ ನೋಡಿದೆ. ವಿಳಾಸ ಗುಟ್ಟಿನದಲ್ಲ. ಹಾಗೆ ನೋಡಿದರೆ ಆ ತಾಣಕ್ಕೆ ನಿಮ್ಮ ಆಸಕ್ತಿ ತಿಳಿಯುತ್ತದೆ ಎನ್ನುವುದೊಂದೇ ಅಡ್ಡಪರಿಣಾಮ. 2017ರಲ್ಲಿ ಇಟ್ಟಿದ್ದು ಹಾಗೇ ಇತ್ತು. ಆ ರಾತ್ರಿ ನಿದ್ದೆ ಬಂತು.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಜ್ಜಿ ಹೇಳುತ್ತಿದ್ದಳು. ಕಳ್ಳರ ವ್ಯಾಪಾರ ನಡೆಯುವುದೇ ಆ ಆತುರದ ಮೇಲೆ. ಇದು ನನ್ನೊಬ್ಬನ ಕಥೆಯಲ್ಲ. 2018ರ ಡಿಸೆಂಬರಿನಲ್ಲಿ ಎಲೆಕ್ಟ್ರಮ್ ವಾಲೆಟ್ ಬಳಸುವವರಿಗೆ ಹೀಗೇ ಆಯಿತು. ವಂಚಕರು ತಮ್ಮದೇ ಸರ್ವರುಗಳನ್ನು ಜಾಲಕ್ಕೆ ಸೇರಿಸಿ, ಹಣ ಕಳಿಸಲು ಹೋದವರಿಗೆ 'ಅಪ್‌ಡೇಟ್ ಮಾಡಿಕೊಳ್ಳಿ' ಎನ್ನುವ ಸಂದೇಶವನ್ನು ವಾಲೆಟ್ ಒಳಗೇ ತೋರಿಸಿದರು. ಕೆಲಸ ಆಗಲಿಲ್ಲವಲ್ಲ ಎಂಬ ಅವಸರದಲ್ಲಿ ಆ ಕೊಂಡಿಯಿಂದ ನಕಲಿ ತಂತ್ರಾಂಶ ಇಳಿಸಿಕೊಂಡವರು ಹಣ ಕಳೆದುಕೊಂಡರು.

ತಂತ್ರಜ್ಞರಲ್ಲದವರು ಏನು ಮಾಡಬಹುದು

ನಾನು ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ. ಕ್ರಮ ಮುಖ್ಯ.

ಮೊದಲು, ಪ್ರೋಗ್ರಾಮನ್ನು ಸರಿಯಾಗಿ ಮುಚ್ಚಿ. ಮುಚ್ಚಲು ಕೆಲವು ನಿಮಿಷ ಹಿಡಿಯಬಹುದು, ಕಾಯಿರಿ. ಪವರ್ ಬಟನ್ ಮುಟ್ಟಬೇಡಿ. ನನ್ನ ಒಂದು ವಾರ ಹೋದದ್ದು ಅಲ್ಲೇ. ನಂತರ ವಾಲೆಟ್ ಫೈಲನ್ನು ಎರಡು ಯುಎಸ್‌ಬಿ ಡ್ರೈವ್‌ಗಳಿಗೆ ನಕಲು ಮಾಡಿ. ಬಿಟ್‌ಕಾಯಿನ್ ಕೋರ್‌ನಲ್ಲಿ ಅದು ಸಾಮಾನ್ಯವಾಗಿ 'ವಾಲೆಟ್.ಡ್ಯಾಟ್' ಎಂಬ ಹೆಸರಿನ ಫೈಲು. ಇದಾಗುವವರೆಗೆ ಬೇರೆ ಯಾವ ರಿಪೇರಿಗೂ ಕೈ ಹಾಕಬೇಡಿ. ಹಳೆಯ ಮಾದರಿಯ ಫೈಲಾದರೆ ಹೊಸ ಆವೃತ್ತಿ ಅದನ್ನು ಹೊಸ ಮಾದರಿಗೆ ಬದಲಿಸಿಕೊಳ್ಳಲು ಕೇಳಬಹುದು. ನಕಲು ಇಲ್ಲದೆ ಅದಕ್ಕೆ ಒಪ್ಪಬೇಡಿ.

ಎರಡನೆಯದು ಡಿಸ್ಕ್. ವಿಂಡೋಸ್ ಆದರೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಡಿಸ್ಕ್ ಸದಾ 100 ಪರ್ಸೆಂಟ್ ತೋರಿಸುತ್ತಿದ್ದರೆ, ನಿಮ್ಮ ಇಂಟರ್ನೆಟ್ ಎಷ್ಟೇ ವೇಗವಾಗಿದ್ದರೂ ಉಪಯೋಗವಿಲ್ಲ. ಪ್ರತಿ ವ್ಯವಹಾರವನ್ನು ಪರಿಶೀಲಿಸುವಾಗಲೂ ಖರ್ಚಾಗದೆ ಉಳಿದ ನಾಣ್ಯಗಳ ಪಟ್ಟಿಯನ್ನು ತಂತ್ರಾಂಶ ಅಲ್ಲಿ ಇಲ್ಲಿ ಹುಡುಕುತ್ತದೆ. ತಿರುಗುವ ಹಾರ್ಡ್ ಡಿಸ್ಕಿಗೆ ಇದೇ ಅತಿ ಕಷ್ಟದ ಕೆಲಸ. ಎಸ್‌ಎಸ್‌ಡಿ ಹಾಕಿದರೆ ಅರ್ಧ ಸಮಸ್ಯೆ ಮುಗಿಯಿತು. ಬಿಟ್‌ಕಾಯಿನ್‌ನ ಪೂರ್ತಿ ಇತಿಹಾಸ ಈಗ 600 ಗಿಗಾಬೈಟ್ ದಾಟಿದೆ, ಹಾಗಾಗಿ 2 ಟೆರಾಬೈಟ್ ಇದ್ದರೆ ಕೆಲವು ವರ್ಷ ನಿಶ್ಚಿಂತೆ. ಇಂಟರ್ನೆಟ್ ಕಂಪನಿ ತಿಂಗಳ ಡೇಟಾಗೆ ಮಿತಿ ಹಾಕಿದೆಯೇ ಎಂದೂ ನೋಡಿಕೊಳ್ಳಿ.

ಮೂರನೆಯದು ಮೆಮೊರಿ. ಸೆಟ್ಟಿಂಗ್ಸ್‌ನಲ್ಲಿ ಡೇಟಾಬೇಸ್ ಕ್ಯಾಶ್ ಗಾತ್ರ ಎಂದು ಒಂದು ಆಯ್ಕೆ ಇದೆ. ಬಹುಕಾಲದಿಂದ ಇದು ತಾನಾಗಿಯೇ 450 ಮೆಗಾಬೈಟಿಗೆ ನಿಂತಿರುತ್ತಿತ್ತು. 16 ಗಿಗಾಬೈಟ್ ರ‍್ಯಾಮ್ ಇದ್ದರೆ, ಸಿಂಕ್ ಮುಗಿಯುವವರೆಗೆ 4000ಕ್ಕೆ ಏರಿಸಿ, ಆಮೇಲೆ ಇಳಿಸಿ.

ಇನ್ನು ಸಣ್ಣಪುಟ್ಟವು. ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆ ನೋಡಿಕೊಳ್ಳಿ. ಡೇಟಾ ಫೋಲ್ಡರನ್ನು ಕ್ಲೌಡ್‌ಗೆ ತಾನೇ ನಕಲಾಗುವ ಜಾಗದಲ್ಲಿ ಇಡಬೇಡಿ. ಆಂಟಿವೈರಸ್ ಪ್ರತಿ ಬ್ಲಾಕನ್ನೂ ತಡೆದು ಪರೀಕ್ಷಿಸುತ್ತಿದ್ದರೂ ನಿಧಾನವಾಗುತ್ತದೆ. ಜಾಗ ಸಾಲದಿದ್ದರೆ 'ಪ್ರೂನಿಂಗ್' ಮಾಡಬಹುದು, ಹಳೆಯ ಬ್ಲಾಕುಗಳನ್ನು ನೋಡಿದ ಮೇಲೆ ಅಳಿಸುತ್ತದೆ. ಆದರೆ ಇದರಿಂದ ವೇಗ ಬರುವುದಿಲ್ಲ, ಮೊದಲ ಬಾರಿ ಎಲ್ಲವನ್ನೂ ಇಳಿಸಿ ನೋಡಲೇಬೇಕು. ಆಮೇಲೆ ಹಳೆಯ ವಾಲೆಟ್ ಫೈಲು ತಂದು ಹಾಕಿದರೆ ಬೇಕಾದ ಬ್ಲಾಕುಗಳು ಇಲ್ಲವೆಂದು ಮತ್ತೆ ಮೊದಲಿನಿಂದ ಇಳಿಸಬೇಕಾಗಬಹುದು.

ನಾನು ಕಡೆಗೆ ಹೊಸ ಎಸ್‌ಎಸ್‌ಡಿ ತಂದು, ಅಧಿಕೃತ ತಾಣದಿಂದ ಹೊಸ ಆವೃತ್ತಿ ಇಳಿಸಿ, ಅದರ ಸಹಿ ಸರಿಯಿದೆಯೇ ಎಂದು ಗೆಳೆಯನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ಪ್ರತಿ ಕನ್ನಡ ಕೂಟದಲ್ಲೂ ಇಂಥ ಒಬ್ಬ ಗೆಳೆಯ ಇದ್ದೇ ಇರುತ್ತಾನೆ. ಕಾಫಿ ಕೊಟ್ಟರೆ ಸಾಕು, ಪಾಸ್‌ವರ್ಡ್ ಮಾತ್ರ ಅವನಿಗೂ ಬೇಡ. ಎರಡು ದಿನದಲ್ಲಿ ಸಿಂಕ್ ಮುಗಿಯಿತು.

ಇನ್ನೊಂದು ಗೊಂದಲ ಬೇಡ. ಸಿಂಕ್ ಮುಗಿದ ಮೇಲೂ ಕಳಿಸಿದ ಹಣ 'ಪೆಂಡಿಂಗ್' ಎಂದು ನಿಂತಿದ್ದರೆ ಅದು ನಿಮ್ಮ ಕಂಪ್ಯೂಟರಿನ ತಪ್ಪಲ್ಲ, ಶುಲ್ಕದ ಮಾತು. ಬ್ಲಾಕಿನಲ್ಲಿ ಜಾಗ ಕಡಿಮೆ, ಹೆಚ್ಚು ಶುಲ್ಕ ಕೊಟ್ಟವರು ಮೊದಲು ಹೋಗುತ್ತಾರೆ. 2024ರ ಏಪ್ರಿಲ್ 20ರಂದು, ಮೈನರ್‌ಗಳ ಪ್ರತಿಫಲ ಅರ್ಧಕ್ಕಿಳಿದ ದಿನ, ಶುಲ್ಕ ವಿಪರೀತ ಏರಿತ್ತು. ಹಲವು ವಾಲೆಟ್‌ಗಳಲ್ಲಿ ಕಳಿಸಿದ ಮೇಲೂ ಶುಲ್ಕ ಏರಿಸುವ ಅವಕಾಶ ಇದೆ. ಎಸ್‌ಎಸ್‌ಡಿ ಹಾಕಿದರೆ ಇದಕ್ಕೆ ಪ್ರಯೋಜನವಿಲ್ಲ.

ನನ್ನ ಅಭಿಪ್ರಾಯ

ಈ ನಿಧಾನ ತಂತ್ರಾಂಶದ ದೋಷ ಎಂದು ನನಗೆ ಅನಿಸುವುದಿಲ್ಲ. ಯಾರನ್ನೂ ನಂಬದೆ ಎಲ್ಲ ಲೆಕ್ಕ ನಾನೇ ನೋಡುತ್ತೇನೆ ಎಂದರೆ, ನೋಡುವ ಶ್ರಮವೂ ನಮ್ಮದೇ. ಪ್ರಶ್ನೆ ಏನೆಂದರೆ, ನಮ್ಮಂಥವರಿಗೆ ಆ ಶ್ರಮ ಬೇಕೇ?

ಬೆಲೆ ಏರಿದರೆ ಲಾಭ ಸಿಗಲಿ ಎನ್ನುವುದಷ್ಟೇ ನಿಮ್ಮ ಉದ್ದೇಶವಾದರೆ, ಅಮೆರಿಕದಲ್ಲಿ 2024ರ ಜನವರಿಯಿಂದ ಸ್ಪಾಟ್ ಬಿಟ್‌ಕಾಯಿನ್ ಇಟಿಎಫ್‌ಗಳು ಇವೆ. ವರ್ಷಕ್ಕಿಷ್ಟು ಶುಲ್ಕ, ಕೀಲಿ ಬೇರೆಯವರ ಕೈಯಲ್ಲಿ, ಆದರೆ ಷೇರಿನಂತೆ ಮಾರಬಹುದು. ಕೀಲಿ ನನ್ನದೇ ಇರಲಿ ಎನ್ನುವವರ ಮಾತಿನಲ್ಲೂ ತೂಕವಿದೆ. 2014ರಲ್ಲಿ ಮೌಂಟ್ ಗಾಕ್ಸ್, 2022ರ ನವೆಂಬರಿನಲ್ಲಿ ಎಫ್‌ಟಿಎಕ್ಸ್ ಮುಳುಗಿದಾಗ ಎಕ್ಸ್‌ಚೇಂಜಿನಲ್ಲಿ ಇಟ್ಟವರ ಪಾಡು ನೋಡಿದ್ದೇವೆ. ಅಂಥವರಿಗೆ ಹಾರ್ಡ್‌ವೇರ್ ವಾಲೆಟ್ ಜೊತೆಗೆ ಹಗುರವಾದ ತಂತ್ರಾಂಶ ಸಾಕು. ಪೂರ್ತಿ ಇತಿಹಾಸ ಇಳಿಸದೆ ತನಗೆ ಬೇಕಾದ್ದನ್ನಷ್ಟೇ ಪರಿಶೀಲಿಸುವ ದಾರಿಯನ್ನು ಸತೋಶಿ ನಕಾಮೊಟೊ 2008ರ ಮೂಲ ಲೇಖನದಲ್ಲೇ ಹೇಳಿದ್ದಾರೆ. ನಿಮ್ಮ ವಿಳಾಸಗಳು ಇನ್ನೊಬ್ಬರ ಸರ್ವರಿಗೆ ತಿಳಿಯುತ್ತವೆ, ಅದೇ ಅದರ ಬೆಲೆ. ಎಲ್ಲವನ್ನೂ ನಾನೇ ನೋಡಬೇಕು ಎನ್ನುವವರು ಅದಕ್ಕೆಂದೇ ಒಂದು ಯಂತ್ರ ಇಟ್ಟು ಸದಾ ಓಡಿಸಲಿ.

ಈ ಮೂರೂ ಸರಿ. ನಾನು ಮಾಡಿದ್ದು ನಾಲ್ಕನೆಯದು: ಹಳೆಯ ಲ್ಯಾಪ್‌ಟಾಪಿನಲ್ಲಿ ಫುಲ್ ನೋಡ್ ಹಾಕಿ ಮೂರು ವರ್ಷ ಮರೆತುಬಿಡುವುದು. ಇದರಲ್ಲಿ ಶ್ರಮವೂ ಪೂರ್ತಿ, ಅಪಾಯವೂ ಪೂರ್ತಿ.

ಈಗ ನನ್ನ ಶೀಟಿನಲ್ಲಿ ಬಿಟ್‌ಕಾಯಿನ್ 'ಲಿಕ್ವಿಡ್' ಕಾಲಮ್ಮಿನಲ್ಲಿ ಇಲ್ಲ. 'ಒಂದು ತಿಂಗಳು' ಎಂಬ ಹೊಸ ಕಾಲಮ್ಮಿಗೆ ಹೋಗಿದೆ. ತಾರೀಕು ಗೊತ್ತಿರುವ ಖರ್ಚಿಗೆ, ಅದು ಫೀಸಿರಲಿ, ಊರಿನ ಟಿಕೆಟ್ಟಿರಲಿ, ಮನೆಯ ಡೌನ್ ಪೇಮೆಂಟ್ ಇರಲಿ, ಅಲ್ಲಿಂದ ದುಡ್ಡು ತೆಗೆಯುವ ಲೆಕ್ಕ ಹಾಕುವುದಿಲ್ಲ. ವರ್ಷಕ್ಕೆ ಎರಡು ಸಲ, ಯುಗಾದಿಗೆ ಮತ್ತು ದೀಪಾವಳಿಗೆ, ವಾಲೆಟ್ ತೆರೆದು ಸಣ್ಣದೊಂದು ಮೊತ್ತ ಕಳಿಸಿ ನೋಡುತ್ತೇನೆ, ಬ್ಯಾಂಕ್ ಲಾಕರ್ ತೆರೆದು ನೋಡುವ ಹಾಗೆ. ಕೊಂಡ ತಾರೀಕು ಮತ್ತು ಬೆಲೆಯನ್ನು ಬೇರೆ ಬರೆದಿಟ್ಟಿದ್ದೇನೆ. ಸ್ವಂತ ವಾಲೆಟ್ ನಿಮಗೆ ತೆರಿಗೆ ಫಾರ್ಮ್ ಕಳಿಸುವುದಿಲ್ಲ, ಫಾರ್ಮ್ 1040ರಲ್ಲಿ ಡಿಜಿಟಲ್ ಆಸ್ತಿಯ ಪ್ರಶ್ನೆ ಮಾತ್ರ ಪ್ರತಿ ವರ್ಷ ಇರುತ್ತದೆ.

ದೀಪಾವಳಿಯ ದಿನ ಈ ಸಲ ನಾನು ಕೈ ಹಾಕಲಿಲ್ಲ. ಬರೆದಿಟ್ಟ ಒಂದು ಹಾಳೆಯನ್ನು ಹೆಂಡತಿಗೆ ಕೊಟ್ಟು, ನೀನೇ ತೆರೆ ಎಂದೆ. ನಲವತ್ತು ನಿಮಿಷ ಹಿಡಿಯಿತು, ಎರಡು ಕಡೆ ನನ್ನ ಬರಹ ಅರ್ಥವಾಗಲಿಲ್ಲ ಎಂದು ಬೈದಳು. ಆ ಎರಡು ಸಾಲು ತಿದ್ದಿದ್ದೇನೆ. ನಾನಿಲ್ಲದ ದಿನ ಆ ಲ್ಯಾಪ್‌ಟಾಪಿನ ಮುಂದೆ ಕೂರಬೇಕಾದವಳು ಅವಳೇ ಅಲ್ಲವೇ? ಅವಳ ಕಣ್ಣಿಗೆ ಸೊನ್ನೆ ಕಂಡಾಗ ಏನು ಮಾಡಬೇಕು ಎನ್ನುವುದು ಹಾಳೆಯ ಮೊದಲ ಸಾಲು: ಸುಮ್ಮನೆ ಕಾಯಿ, ಯಾರಿಗೂ ಏನೂ ಕೊಡಬೇಡ.

(ಇದು ನನ್ನ ಅನುಭವ ಮತ್ತು ಅಭಿಪ್ರಾಯ. ನಿಮ್ಮ ಹೂಡಿಕೆ, ತೆರಿಗೆಯ ನಿರ್ಧಾರಕ್ಕೆ ನಿಮ್ಮ ಸಲಹೆಗಾರರನ್ನು ಕೇಳಿ.)