ಮನೆಯ ಹಗೇವೂ ಪೇಟೆಯ ದಾಸ್ಯವೂ

ಮನೆಯಲ್ಲಿ ಮೂರು ತಿಂಗಳಿಗಾಗುವಷ್ಟು ಕಾಳು, ಒಂದು ತಿಂಗಳಿಗಾಗುವಷ್ಟು ಕುಡಿಯುವ ನೀರು, ಒಕ್ಕಲಿಗನಾದರೆ ಮುಂದಿನ ಬಿತ್ತಿಗೆಯ ಬೀಜ ಇವಿಷ್ಟೂ ಇರಲೇಬೇಕೆಂದರೆ ನಗುವ ಸುಶಿಕ್ಷಿತರು ನಮ್ಮಲ್ಲಿ ಈಚೆಗೆ ಹೆಚ್ಚಿದ್ದಾರೆ. ಕೈಯಲ್ಲಿ ದುಡ್ಡಿದ್ದರೆ ಪೇಟೆಯೇ ನಮ್ಮ ಕಣಜ, ಮೊಬೈಲಿನ ಮೇಲೆ ಬೆರಳಾಡಿಸಿದರೆ ಹತ್ತು ನಿಮಿಷಕ್ಕೆ ಬೇಳೆ ಬಾಗಿಲಿಗೆ ಬರುವದು, ಇಲಿ ಹೆಗ್ಗಣಗಳನ್ನು ಸಾಕುವ ಈ ಅಜ್ಜಿಯ ಕಾಲದ ಚಾಳಿ ಯಾತಕ್ಕೆ ಎಂಬದು ಅವರ ವಾದ. ವಾದವು ನುಣುಪಾಗಿದೆ. ಆದರೆ ಪೇಟೆಯು ನಾಳೆಯೂ ತೆರೆದಿರುವದೆಂಬ ಒಂದು ಸಂಗತಿಯನ್ನು ಅವರು ರುಜುವಾತಿಲ್ಲದೆ ಹಿಡಿದುಕೊಂಡಿದ್ದಾರೆ. 2020ನೆಯ ಇಸವಿಯ ಮಾರ್ಚ್ 24ರ ರಾತ್ರಿ 8 ಗಂಟೆಗೆ ದೇಶವೆಲ್ಲ ಮುಚ್ಚುವದೆಂಬ ಘೋಷಣೆಯಾಗಿ, ನಡುರಾತ್ರಿಗೆ ಅದು ಜಾರಿಗೆ ಬಂತು. ನಡುವೆ ಇದ್ದದ್ದು ನಾಲ್ಕೇ ತಾಸು. ಆ ನಾಲ್ಕು ತಾಸಿನಲ್ಲಿ ಕಿರಾಣಿ ಅಂಗಡಿಗಳ ಮುಂದೆ ನೂಕಾಡಿದವರಲ್ಲಿ ಈ ನಗುವ ಮಹನೀಯರೇ ಮುಂದಿದ್ದರು.

ಇನ್ನು ಕೆಲವರು ನೀತಿಯ ಮಾತೆತ್ತುವರು. ಕೂಡಿಟ್ಟರೆ ಬಡವನ ಬಾಯಿಯ ತುತ್ತು ಕಸಿದಂತಾಗುವದಂತೆ! ಇಲ್ಲಿ ಎರಡು ಬೇರೆ ಬೇರೆ ಕೃತ್ಯಗಳನ್ನು ಒಂದೇ ಹೆಸರಿನಿಂದ ಕರೆದು ಆರೋಪಿಯನ್ನು ಕಟಕಟೆಗೆ ತಂದಿದ್ದಾರೆ. ಅಭಾವದ ಹೊತ್ತಿನಲ್ಲಿ, ಬೆಲೆ ಏರಿಸಲೆಂದು, ಮಾರತಕ್ಕ ಮಾಲನ್ನು ಅಡಗಿಸುವದು ಅಕ್ರಮ ದಾಸ್ತಾನು. 1955ರ ಅಗತ್ಯ ವಸ್ತುಗಳ ಕಾಯಿದೆಯ ಮೇರೆಗೆ ಹೊರಡುವ ದಾಸ್ತಾನಿನ ಮಿತಿಗಳು ಮುಖ್ಯವಾಗಿ ವರ್ತಕರನ್ನೂ ಗಿರಣಿಯವರನ್ನೂ ಕುರಿತವು. ಸುಗ್ಗಿಯಲ್ಲಿ ಧಾರಣೆ ಇಳಿದಾಗ ಉಣ್ಣಲಿಕ್ಕೆಂದು ಕೊಂಡಿಡುವದು ಇದಕ್ಕೆ ತೀರ ವಿರುದ್ಧವಾದ ಕೆಲಸ. ಎಲ್ಲರೂ ಒಮ್ಮೆಗೇ ಮಾರುವ ಹೊತ್ತಿಗೆ ಒಕ್ಕಲಿಗನಿಗೆ ಗಿರಾಕಿಯಾಗಿ ನಿಲ್ಲುವದೂ, ಅಭಾವದ ದಿನ ಸಾಲಿನಿಂದ ಹೊರಗುಳಿದು ಇಲ್ಲದವನಿಗೆ ಎಡೆ ಬಿಡುವದೂ ಪಾಪವಾದರೆ ಪುಣ್ಯವಾವುದೋ ನಾವರಿಯೆವು.

ರಾಷ್ಟ್ರವು ಈ ಪಾಠವನ್ನು ಅವಮಾನದಿಂದ ಕಲಿಯಿತು. 1965-66ರ ಬರಗಳಲ್ಲಿ ಭಾರತವು ಅಮೆರಿಕೆಯ ಗೋದಿಯ ಹಡಗು ಬಂದರೆ ಉಂಟು, ಬಾರದಿದ್ದರೆ ಇಲ್ಲ ಎಂಬ ಸ್ಥಿತಿಗೆ ಇಳಿದಿತ್ತು. ಅಧ್ಯಕ್ಷ ಜಾನ್ಸನ್ನರು ಆ ಗೋದಿಯನ್ನು ಒಮ್ಮೆಗೇ ಬಿಡದೆ, ನಮ್ಮ ನಡತೆಯನ್ನು ನೋಡಿ ನೋಡಿ, ಅಳೆದು ಅಳೆದು ಕಳುಹಿಸಿದರು. ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು 1965ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಜನರನ್ನು ಕೇಳಿಕೊಳ್ಳಬೇಕಾಯಿತು. ಅದೇ ವರ್ಷ ಭಾರತ ಆಹಾರ ನಿಗಮವು ಹುಟ್ಟಿತು. ಅಂದಿನಿಂದ ಸರಕಾರವು ಉಗ್ರಾಣ ತುಂಬಿಕೊಂಡೇ ಮಾತನಾಡುತ್ತದೆ. ರಾಷ್ಟ್ರಕ್ಕೆ ವಿವೇಕವೆನಿಸಿದ್ದು ಮನೆಗೆ ಮೂಢತನ ಹೇಗಾಯಿತು? 1932ರಲ್ಲಿ ಅಂಕೋಲಾ ಸಿದ್ದಾಪುರಗಳ ಒಕ್ಕಲಿಗರು ಕರ ಕೊಡೆವೆಂದು ನಿಂತಾಗ ಭೂಮಿ ಹೋಯಿತು, ಮನೆಯ ಸಾಮಾನು ಜಪ್ತಿಯಾಯಿತು. ಹಾಗೆ "ಒಲ್ಲೆವು" ಎನ್ನಲು ಎದೆಗಾರಿಕೆಯಷ್ಟೇ ಸಾಲದು, ಅಡಿಗೆಮನೆಯ ಒಪ್ಪಿಗೆಯೂ ಬೇಕು. ಸಂಜೆಯ ಅಕ್ಕಿಗೆ ಸಂಜೆಯೇ ಕೈಯೊಡ್ಡುವ ಮನೆಯಿಂದ ಆ ಮಾತು ಹೊರಡಲಾರದು.

ನಮ್ಮ ಹಿರಿಯರಿಗೆ ಇದನ್ನು ಯಾರೂ ಉಪದೇಶಿಸಬೇಕಾಗಿರಲಿಲ್ಲ. ಉತ್ತರ ಕರ್ನಾಟಕದ ಹಗೇವನ್ನೇ ನೋಡಿರಿ. ಬಾಯಿ ಕಿರಿದಾಗಿ, ಹೊಟ್ಟೆ ದೊಡ್ಡದಾಗಿ ನೆಲದೊಳಗೆ ತೋಡಿದ ಕುಣಿ ಅದು. ಒಣಗಿದ ಕಣಿಕೆ, ರವದಿ, ಹುಲ್ಲುಗಳನ್ನು ಅಡಿಗೂ ಪಕ್ಕಕ್ಕೂ ದಪ್ಪವಾಗಿ ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲಿಟ್ಟು ಮಣ್ಣಿನಿಂದ ಮೆತ್ತಿಬಿಡುವರು. ಒಳಗಿನ ಪ್ರಾಣವಾಯುವನ್ನು ಕಾಳೂ ಹುಳುವೂ ಉಸಿರಾಡಿ ತೀರಿಸಿದ ಮೇಲೆ ನುಸಿಯು ತಾನಾಗಿಯೇ ಸಾಯುವದು. ಔಷಧವಿಲ್ಲ, ವಿದ್ಯುತ್ತಿಲ್ಲ, ಜೋಳವು ವರ್ಷಗಟ್ಟಲೆ ನಿಲ್ಲುವದು. ಆ ಕೆಟ್ಟ ಗಾಳಿಯೇ ತೆಗೆಯುವವನಿಗೂ ಮೃತ್ಯು. ಬಾಯಿ ತೆರೆದೊಡನೆ ಇಳಿದವರು ಉಸಿರುಗಟ್ಟಿ ಸತ್ತದ್ದುಂಟು. ಆದುದರಿಂದಲೇ ಬಹಳ ಹೊತ್ತು ತೆರೆದಿಟ್ಟು, ದೀಪವನ್ನು ಇಳಿಬಿಟ್ಟು ನೋಡಿ, ಆಮೇಲೆ ಮನುಷ್ಯನನ್ನು ಇಳಿಸುವ ರೂಢಿ. ಹಗೇವಿಗೆ ದೋಷವಿಲ್ಲವೆಂದು ನಾವು ಹೇಳುವದಿಲ್ಲ. ಗೋಡೆಗೆ ತಾಗಿದ ಕಾಳು ಮುಗ್ಗುವದು. ಕಾಲುವೆ ಬಂದು ನೆಲ ತೇವಗೊಂಡಲ್ಲಿ ಕುಣಿಯೇ ಕೆಲಸಕ್ಕೆ ಬಾರದು. ಪಟ್ಟಣದಲ್ಲಿ ಮೂರನೆಯ ಅಂತಸ್ತಿನಲ್ಲಿ ಇರುವವನು ಎಲ್ಲಿ ತೋಡಬೇಕು? ಅವನಿಗೆ ಬಿಗಿಮುಚ್ಚಳದ ತಗಡಿನ ಡಬ್ಬವೇ ಹಗೇವು. ತೇವವೂ ಗಾಳಿಯೂ ಒಳಹೋಗಕೂಡದೆಂಬ ತತ್ತ್ವ ಎರಡಕ್ಕೂ ಒಂದೇ. ಆಳಿಗೆ ದಿನಕ್ಕೆ 400 ಗ್ರಾಮು ಹಿಡಿದರೂ ಐದು ಜನರ ಮನೆಗೆ 90 ದಿನಕ್ಕೆ 180 ಕಿಲೊ ಕಾಳು ಬೇಕು. ಎರಡು ಚೀಲವೂ ಆಗಲಿಲ್ಲ. ಬೈಠಕಿನ ಕೋಣೆಯಲ್ಲಿ ಯಾರೂ ಕುಳಿತುಕೊಳ್ಳದ ಸೋಫಾ ಇದಕ್ಕಿಂತ ಹೆಚ್ಚು ಜಾಗ ನುಂಗಿದೆ. ಕಾಳನ್ನೇ ಇಡಬೇಕು, ಹಿಟ್ಟನ್ನಲ್ಲ. ಜೋಳದ ಹಿಟ್ಟು ಬೇಗನೆ ಕಹಿಯಾಗುವದು, ರೊಟ್ಟಿಗೆ ಜಿಗಿಯೂ ಉಳಿಯದು. ತೊಗರಿಗೆ ಕೆಮ್ಮಣ್ಣು ಕಲಸಿ ಒಣಗಿಸುವದನ್ನೂ, ಕಾಳಿನಲ್ಲಿ ಒಣಗಿದ ಬೇವಿನ ಎಲೆಯಿಡುವದನ್ನೂ ಬಲ್ಲ ಮುದುಕಿಯರು ಇನ್ನೂ ಊರೂರಿಗೆ ಇದ್ದಾರೆ. ಅವರು ಇರುವಾಗಲೇ ಕೇಳಿಕೊಳ್ಳಬೇಕು.

ಇಲ್ಲಿ ಗಂಡಸರಿಗೆ ಒಂದು ಮಾತು. ಸ್ವಾವಲಂಬನದ ಭಾಷಣ ನಮ್ಮದು, ಶಾವಿಗೆ ಹೊಸೆಯುವ ಕೈ ಮನೆಯ ಹೆಣ್ಣುಮಕ್ಕಳದು ಎಂಬ ಏರ್ಪಾಟು ಬಹುಕಾಲ ನಡೆಯಿತು. ಚೀಲ ಹೊರುವದು, ಮಾಳಿಗೆಯ ಮೇಲೆ ಕಾಳು ಹರವುವದು, ತೊಟ್ಟಿ ತಿಕ್ಕುವದು ಇವುಗಳಿಗೆ ಯಾವ ಪಾಕಶಾಸ್ತ್ರವೂ ಬೇಡ.

ದಿನಗೂಲಿಯವನು ಏನು ಮಾಡಬೇಕೆಂಬ ಪ್ರಶ್ನೆ ಮಾತ್ರ ನಿಜವಾದದ್ದು. ಕಾಲು ಕಿಲೊ ಬೇಳೆ, ಒಂದು ಸಣ್ಣ ಪೊಟ್ಟಣ ಎಣ್ಣೆ ಎಂದು ದಿನದಿನ ಕೊಳ್ಳುವ ಅವನೇ ಕಿಲೊದ ಲೆಕ್ಕಕ್ಕೆ ಎಲ್ಲರಿಗಿಂತ ಹೆಚ್ಚು ಬೆಲೆ ತೆರುತ್ತಾನೆ. ಒಬ್ಬನಿಂದ ಆಗದ್ದು ಹತ್ತು ಮನೆಗಳಿಂದ ಆದೀತು. ವಾರವಾರ ಹಣ ಕೂಡಿಸುವ ಸ್ತ್ರೀಯರ ಸ್ವಸಹಾಯ ಸಂಘಗಳು ಹಳ್ಳಿಹಳ್ಳಿಗೆ ಇವೆ; ಆ ಹಣದ ಒಂದು ಪಾಲು ಸುಗ್ಗಿಯ ತಿಂಗಳಲ್ಲಿ ಜೋಳವೋ ರಾಗಿಯೋ ಆಗಿ ಒಂದೇ ಕೋಣೆಯಲ್ಲಿ ಕೂತರೆ ತಡೆಯುವವರು ಯಾರು?

ನೀರಿನ ವಿಷಯದಲ್ಲಿ ನಮ್ಮ ಜಾಣತನವು ಇನ್ನೂ ನಗೆಗೇಡಾದದ್ದು. ಗೊತ್ತಾದ ಅಳತೆಗೆ ಮೇಲ್ಪಟ್ಟ ನಿವೇಶನಗಳಲ್ಲಿ ಮಳೆನೀರು ಹಿಡಿಯಲೇಬೇಕೆಂದು ಬೆಂಗಳೂರಿಗೆ 2009ರಲ್ಲಿ ಕಾನೂನಾಯಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಅದೇ ಊರು ಟ್ಯಾಂಕರಿನ ದಾರಿ ಕಾಯಿತು. ಲೆಕ್ಕವು ಮಕ್ಕಳಿಗೂ ಬರುವಂಥದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. 100 ಚದರ ಮೀಟರಿನ ಮಾಳಿಗೆಗೆ 20 ಮಿಲಿಮೀಟರಿನ ಒಂದು ಮಳೆ ಬಂದರೆ 2000 ಲೀಟರು. ಕುಡಿಯಲಿಕ್ಕೂ ಅಡಿಗೆಗೂ ಆಳಿಗೆ ದಿನಕ್ಕೆ 10 ಲೀಟರು ಹಿಡಿದರೆ ಐದು ಜನರಿಗೆ ತಿಂಗಳಿಗೆ 1500. ಮೊದಲ ಕೊಳೆನೀರನ್ನು ಚೆಲ್ಲಿದರೂ, ಒಂದು ಮಳೆಯಲ್ಲಿ ಒಂದು ತಿಂಗಳು ಗಟಾರಕ್ಕೆ ಹರಿದುಹೋಗುತ್ತಿದೆ.

ಬೀಜದ ಮಾತನ್ನು ಒಕ್ಕಲಿಗ ಬಂಧುಗಳಿಗೆ ಪ್ರತ್ಯೇಕವಾಗಿ ಹೇಳುವೆವು. ತನ್ನ ಬೆಳೆಯ ಬೀಜವನ್ನು ಕಾದಿಡುವ, ಮರಳಿ ಬಿತ್ತುವ, ನೆರೆಯವನೊಡನೆ ಬದಲಾಯಿಸಿಕೊಳ್ಳುವ, ಕಂಪನಿಯ ಹೆಸರಿನ ಚೀಟಿ ಹಚ್ಚದೆ ಮಾರುವ ಹಕ್ಕು ರೈತನಿಗಿದೆಯೆಂದು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಆ ಹಕ್ಕು ಕಾಗದದ ಮೇಲೆ ಭದ್ರವಾಗಿದೆ. ಮನೆಯ ಮೂಲೆಯಲ್ಲಿದ್ದ ಬೀಜದ ಗಡಿಗೆಯೇ ಮಾಯವಾಗಿದೆ. ಸಂಕರ ಬೀಜವನ್ನು ಮರಳಿ ಬಿತ್ತಿದರೆ ಬೆಳೆ ಒಂದೇ ಸಮನಾಗಿ ಬಾರದು. ಆದುದರಿಂದ ಒಂದೆರಡು ಗುಂಟೆಯಲ್ಲಾದರೂ ಊರ ತಳಿಯನ್ನು ಉಳಿಸಿಕೊಳ್ಳಬೇಕು. ದೊಡ್ಡ ತೆನೆಯನ್ನು ಹೊಲದಲ್ಲಿ ನಿಂತಿರುವಾಗಲೇ ಆರಿಸಿ, ಬೇರೆಯಾಗಿ ಕೊಯ್ದು ಒಣಗಿಸಬೇಕು. ಉಣ್ಣುವ ಕಾಳಾಗಲಿ ಬೀಜವಾಗಲಿ ಕಣದಿಂದ ಬಂದೊಡನೆ ತುಂಬಕೂಡದು. ಹಲ್ಲಿನಿಂದ ಕಡಿದರೆ ಕಟ್ಟನೆ ಮುರಿಯುವವರೆಗೂ ಬಿಸಿಲು ಕಾಣಬೇಕು, ಕಾದ ಕಾಳು ನೆರಳಿನಲ್ಲಿ ಆರಿದ ಮೇಲೆಯೇ ಮುಚ್ಚಳ ಹಾಕಬೇಕು.