ಸೀಲೈನ್ ಮರಳಿಗೆ ಮೊದಲ ಗಾಡಿ: ಕ್ವಾಡೋ, ಬಗ್ಗಿಯೋ?

ನವೆಂಬರ್ ಬಂತೆಂದರೆ ದೋಹಾದ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಮಾತು ಒಟ್ಟಿಗೆ ಓಡಾಡುತ್ತವೆ. ರಾಜ್ಯೋತ್ಸವಕ್ಕೆ ಯಾರು ಯಾರು ಬರುತ್ತೀರಿ ಎಂಬುದು ಒಂದು, ಸೀಲೈನ್‌ಗೆ ಯಾವ ಶುಕ್ರವಾರ ಹೋಗೋಣ ಎಂಬುದು ಇನ್ನೊಂದು. ಮೊದಲೆರಡು ಚಳಿಗಾಲ ಬಾಡಿಗೆ ಕ್ವಾಡ್‌ನಲ್ಲಿ ಕಳೆಯುತ್ತದೆ. ಗಂಟೆಯ ಲೆಕ್ಕದಲ್ಲಿ ರಿಯಾಲ್ ಎಣಿಸಿ ಎಣಿಸಿ ಬೇಸರ ಬಂದಮೇಲೆ ಸ್ವಂತದ್ದೊಂದು ಇರಲಿ ಅನ್ನಿಸತೊಡಗುತ್ತದೆ. ತಕರಾರು ಶುರುವಾಗುವುದು ಅಲ್ಲಿಂದ. ಚಿಕ್ಕ ಎಂಜಿನ್ನೋ ದೊಡ್ಡದೋ, ನಾಲ್ಕು ಚಕ್ರದ ಕ್ವಾಡೋ ಅಥವಾ ಪಂಜರದೊಳಗೆ ಇಬ್ಬರು ಕೂರುವ ಬಗ್ಗಿಯೋ?

ಗಾಡಿಗಿಂತ ಮೊದಲು ಮರಳಿನ ಮಾತು. ಮೆಸಯೀದ್ ದಾಟಿದ ಮೇಲೆ ದಕ್ಷಿಣಕ್ಕೆ, ಸೌದಿ ಗಡಿಗೆ ತಾಗಿರುವ ಖೋರ್ ಅಲ್ ಉದೈದ್‌ವರೆಗೆ ಹಬ್ಬಿರುವ ದಿಬ್ಬಗಳಲ್ಲಿ ಬಹಳಷ್ಟು ಅರ್ಧಚಂದ್ರದ ಆಕಾರದವು. ವಾಯವ್ಯದಿಂದ ಬೀಸುವ ಶಮಾಲ್ ಗಾಳಿ ಮರಳನ್ನು ಒಂದು ಕಡೆಯಿಂದ ನಯವಾಗಿ ಮೇಲಕ್ಕೆ ತಳ್ಳಿ, ನೆತ್ತಿ ದಾಟಿಸಿ, ಆಚೆಗೆ ಸುರಿಯುತ್ತದೆ. ಹಾಗಾಗಿ ಗಾಳಿಯ ಕಡೆಯ ಇಳಿಜಾರು ಗಟ್ಟಿ ಮತ್ತು ಸಾವಧಾನದ್ದು. ಆಚೆಯದು ಮೂವತ್ತು ಡಿಗ್ರಿಗೂ ಮಿಕ್ಕಿದ ಸಡಿಲ ಮರಳಿನ ಗೋಡೆ. ಗಾಳಿಯ ಕಡೆಯಿಂದ ಹತ್ತುವವನಿಗೆ ನೆತ್ತಿಯವರೆಗೂ ಆಕಾಶ ಮಾತ್ರ ಕಾಣುತ್ತದೆ, ಗೋಡೆ ಕಾಣುವುದಿಲ್ಲ. ಬೆಳಗ್ಗೆ ಇಬ್ಬನಿ ಕುಡಿದ ಮರಳು ಚಕ್ರವನ್ನು ಹೊರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದೇ ಮರಳು ಒಣಗಿ ಚಕ್ರವನ್ನು ನುಂಗುತ್ತದೆ.

ಇಂಥ ನೆಲದ ಮೇಲೆ ಗಾಡಿ ಹೋಗುವುದಕ್ಕಿಂತ ತೇಲುತ್ತದೆ ಎನ್ನುವುದು ಸರಿ. ಈ ಮಾತು ಹಿಮದ ನಾಡಿನವರಿಗೆ ಹೊಸತಲ್ಲ. ಇಲ್ಲಿ ಓಡುವ ಪೊಲಾರಿಸ್ ಬಗ್ಗಿಯ ಕಂಪನಿ 1954ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಶುರುವಾದದ್ದು. ಅದರ ಹೆಸರು ಬೆಳೆದದ್ದು ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳಿಂದ. ಕ್ಯಾನ್-ಆಮ್ ಬಗ್ಗಿಯ ಹಿಂದಿರುವುದು 1959ರಲ್ಲಿ ಸ್ಕಿ-ಡೂ ಸ್ನೋಮೊಬೈಲ್ ಹೊರತಂದ ಕೆನಡಾದ ಬೊಂಬಾರ್ಡಿಯರ್ ಪರಂಪರೆ. ಯಮಹಾ ಕೂಡ ದಶಕಗಳ ಕಾಲ ಹಿಮದ ಗಾಡಿ ಮಾಡಿದೆ. ಆಳವಾದ ಪುಡಿಹಿಮಕ್ಕೆ ಉದ್ದನೆಯ ಪಟ್ಟಿಯ ಮೇಲೆ ಎತ್ತರದ ಹಲ್ಲುಗಳಿದ್ದರೆ, ಮರಳಿಗೆ ಹಿಂಚಕ್ರದಲ್ಲಿ ಹುಟ್ಟಿನಂಥ ರೆಕ್ಕೆಗಳಿರುವ ಪ್ಯಾಡಲ್ ಟೈರು. ಎರಡೂ ಕಡೆ ನಿಯಮ ಒಂದೇ: ವೇಗ ಇಳಿದರೆ ಗಾಡಿ ಹೂತುಕೊಳ್ಳುತ್ತದೆ.

ಚಿಕ್ಕ ಎಂಜಿನ್ ಮತ್ತು ದೊಡ್ಡ ಎಂಜಿನ್ ನಡುವಿನ ಜಗಳ ಇಲ್ಲಿ ರಸ್ತೆಯ ಬೈಕಿನಷ್ಟು ಸರಳವಾಗಿಲ್ಲದಿರುವುದು ಇದರಿಂದಲೇ. ಊರಿನಲ್ಲಿ ಮಗನಿಗೆ ಮೊದಲು 100 ಸಿ.ಸಿ. ಕೊಡಿಸಿ, ಕೈ ಕುದುರಿದ ಮೇಲೆ ದೊಡ್ಡದು ಕೊಡಿಸುತ್ತೇವೆ. ದೋಹಾದ ಇಂಡಸ್ಟ್ರಿಯಲ್ ಏರಿಯಾದ ಗರಾಜೊಂದರಲ್ಲಿ ಉಡುಪಿ ಕಡೆಯ ಮೆಕ್ಯಾನಿಕ್ ಒಬ್ಬರು ಇದೇ ಲೆಕ್ಕ ಹಾಕಿಕೊಂಡು ಬಂದ ಹುಡುಗನಿಗೆ ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ. “ಎಂತ ಮಾರಾಯ, 250 ತಕೊಂಡ್ರೆ ನೀನು ಗಾಡಿ ಓಡಿಸುದಲ್ಲ, ನೂಕುದು.” ಹುಡುಗ, “ಅಣ್ಣಾ, 700 ಅಂದ್ರೆ ಮನೆಯಲ್ಲಿ ಬಾಗಿಲು ತೆಗಿಲಿಕ್ಕಿಲ್ಲ” ಅಂದ.

ಇಬ್ಬರ ಮಾತಿನಲ್ಲೂ ಹುರುಳಿದೆ. ನಲವತ್ತು ಮೀಟರಿನ ದಿಬ್ಬದ ಅರ್ಧದಲ್ಲಿ ಉಸಿರು ಕಟ್ಟಿದ 250 ಸಿ.ಸಿ. ಗಾಡಿಯನ್ನು ಇಳಿಜಾರಿನಲ್ಲಿ ತಿರುಗಿಸುವುದು ಹೊಸಬನಿಗೆ ಸುಲಭವಲ್ಲ. ಅಡ್ಡ ತಿರುಗಿತೋ, ಉರುಳಿ ಮೈಮೇಲೆ ಬರುತ್ತದೆ. ಯಮಹಾ ರ‍್ಯಾಪ್ಟರ್ 700 ಬೇರೆ ಜಾತಿ. 686 ಸಿ.ಸಿ.ಯ ಒಂಟಿ ಸಿಲಿಂಡರ್, ಐದು ಗೇರು, ರಿವರ್ಸ್ ಕೂಡ ಉಂಟು, ಪೆಟ್ರೋಲ್ ತುಂಬಿದ ತೂಕ 190 ಕಿಲೋ ಆಸುಪಾಸು. ಹೆಬ್ಬೆರಳಿನಿಂದ ಎಕ್ಸಲರೇಟರ್ ಒತ್ತಿದರೆ ಅದೇ ದಿಬ್ಬವನ್ನು ಮೂರನೇ ಗೇರಿನಲ್ಲಿ ಏರುತ್ತದೆ. ತೊಂದರೆ ಬರುವುದು ನೆತ್ತಿಯಲ್ಲಿ. ಹತ್ತಿಸಿದ ಶಕ್ತಿಯೇ ಹೊಸಬನನ್ನು ಆಚೆಯ ಗೋಡೆಯಿಂದ ಹಾರಿಸುತ್ತದೆ. ನೆತ್ತಿಗೆ ಸ್ವಲ್ಪ ಮೊದಲು ಬೆರಳು ಸಡಿಲಿಸಿ, ಓರೆಯಾಗಿ ತಿರುಗಿ, ಆಚೆ ಇಣುಕಿ ನೋಡಿಯೇ ಇಳಿಯುವ ಅಭ್ಯಾಸ ಮೈಗೂಡಲು ಒಂದು ಸೀಸನ್ ಬೇಕು. ಆ ಮೊದಲ ಸೀಸನ್ನಿನಲ್ಲಿ ಕೈಕೆಳಗೆ ಎಷ್ಟು ಶಕ್ತಿ ಇರಬೇಕೆಂಬುದೇ ಪ್ರಶ್ನೆ.

ಹಳೆಯ ಕೈಗಳು ಎರಡು ಸ್ಟ್ರೋಕಿನ ಯಮಹಾ ಬಾನ್ಶಿಯ ಹೆಸರು ಹೇಳಿ ಕಣ್ಣು ಮುಚ್ಚುತ್ತಾರೆ. ಅದರ ಶಕ್ತಿ ಏರುವುದು ಒಮ್ಮೆಗೇ, ಮೇಲಿನ ಆರ್‌ಪಿಎಂನಲ್ಲಿ. ಹೊಸಬರಿಗೆ ಹೇಳಿಸಿದ್ದಲ್ಲ. ಹೊಲ, ಕಾಡಿಗೆಂದು ಮಾಡಿದ ಭಾರದ ಫೋರ್ ಬೈ ಫೋರ್ ಕ್ವಾಡ್‌ಗಳೂ ಇಲ್ಲಿನ ದಿಬ್ಬಕ್ಕೆ ಅಷ್ಟಕ್ಕಷ್ಟೆ. ನಡುವಿನ 400–450 ಸಿ.ಸಿ.ಯ ಗಾಡಿಗಳಿಗೆ ಒಂದು ದೊಡ್ಡ ಗುಣವಿದೆ. ಹೂತರೆ ಒಬ್ಬರೇ ಹಿಂಭಾಗ ಎತ್ತಿ ಪಕ್ಕಕ್ಕೆ ಇಡಬಹುದು. ರೇಸಿಗೆಂದು ಮಾಡಿದ 450ಗಳಿಗೆ ಮಾತ್ರ ಆಗಾಗ ಆಯಿಲ್, ಆಗಾಗ ವಾಲ್ವ್ ನೋಡುವ ಉಪಚಾರ ಬೇಕು. ವಾರವಿಡೀ ಶಿಫ್ಟ್ ಮಾಡಿ ಬಂದವನಿಗೆ ಅದಕ್ಕೆಲ್ಲ ಪುರುಸೊತ್ತಿಲ್ಲ.

ಈಗ ಬಗ್ಗಿ. ಅದರ ಪರವಾಗಿ ಹೇಳುವಾಗ ಮೊದಲು ಹೆಂಡತಿ ಮಕ್ಕಳ ಮಾತೇ ಬರಬೇಕು. ಒಬ್ಬನೇ ಕೂರಬೇಕಾದ ಕ್ವಾಡ್‌ನಲ್ಲಿ ಮಗುವನ್ನು ಮುಂದೆ ಕೂರಿಸಿ, ಹೆಂಡತಿಯನ್ನು ಹಿಂದೆ ಕೂರಿಸಿ ಸುತ್ತುವ ಅಪ್ಪಂದಿರು ಸೀಲೈನ್‌ನಲ್ಲಿ ಪ್ರತಿ ವಾರ ಕಾಣಸಿಗುತ್ತಾರೆ. ಕ್ವಾಡ್ ನಿಲ್ಲುವುದೇ ಸವಾರ ಮೈ ವಾಲಿಸುವುದರಿಂದ. ಹಿಂದೊಬ್ಬರು ಕೂತರೆ ವಾಲಲು ಜಾಗವೇ ಉಳಿಯುವುದಿಲ್ಲ. ಮಕ್ಕಳಿಗೇ ಪ್ರತ್ಯೇಕ ಕ್ವಾಡ್ ಕೊಡಿಸುವ ಯೋಚನೆ ಇದ್ದವರು, ಹದಿನಾರು ತುಂಬದವರು ಇದನ್ನು ಓಡಿಸಲೇಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತ ಬಂದಿದೆ ಎಂಬುದನ್ನು ತಿಳಿದಿರಲಿ. ಮೂರು ಚಕ್ರದ ಗಾಡಿಗಳಂತೂ ಅಪಘಾತಗಳ ಕಾರಣಕ್ಕೆ 1988ರ ಒಪ್ಪಂದದಿಂದ ಅಮೆರಿಕದ ಅಂಗಡಿಗಳಿಂದಲೇ ಹೋದವು. ಕತಾರಿನ ಹಮದ್ ಮೆಡಿಕಲ್ ಕಾರ್ಪೊರೇಷನ್ ಕ್ಯಾಂಪಿಂಗ್ ಕಾಲದಲ್ಲಿ ಸೀಲೈನ್‌ನಲ್ಲೇ ಕ್ಲಿನಿಕ್ ತೆರೆಯುತ್ತದೆ. ಸುಮ್ಮನೆ ತೆರೆಯುವುದಿಲ್ಲ.

ಬಗ್ಗಿಗೆ ಸೀಟ್ ಬೆಲ್ಟಿದೆ, ಸುತ್ತ ಕಬ್ಬಿಣದ ಪಂಜರವಿದೆ, ಸ್ಟಿಯರಿಂಗು ಕಾರಿನದೇ. ಗೇರು ಹಾಕುವ ರಗಳೆ ಇಲ್ಲ. ಕಾರು ಓಡಿಸಿ ಗೊತ್ತಿದ್ದವರು ಅರ್ಧ ಗಂಟೆಯಲ್ಲಿ ಓಡಿಸುತ್ತಾರೆ. ಆ ಸುಲಭದಲ್ಲೇ ಅಪಾಯವೂ ಇದೆ. ಪೊಲಾರಿಸ್ ಆರ್‌ಝಡ್‌ಆರ್ ಎಕ್ಸ್‌ಪಿ 1000ಕ್ಕೆ 110 ಅಶ್ವಶಕ್ತಿ, ತೂಕ 600 ಕಿಲೋಗೂ ಮೇಲೆ. ಕ್ವಾಡ್ ಸವಾರ ತನ್ನ ಹೆದರಿಕೆಯನ್ನು ತೊಡೆಯಲ್ಲಿ, ಮುಂಗೈಯಲ್ಲಿ ಅನುಭವಿಸುತ್ತಾನೆ. ಬಗ್ಗಿಯ ಸೀಟು ಆ ಹೆದರಿಕೆಯನ್ನು ಅಡಗಿಸಿಬಿಡುತ್ತದೆ. ಉರುಳುವಾಗ ಪಂಜರ ತಲೆ ಕಾಯುತ್ತದೆ, ಸರಿ. ಆದರೆ ಬೀಳುವಾಗ ನೆಲಕ್ಕೆ ಊರಲೆಂದು ಹೊರಗೆ ಚಾಚಿದ ಕೈಯನ್ನು ಅದೇ ಪಂಜರ ಜಜ್ಜುತ್ತದೆ. ಬದಿಗೆ ಬಲೆ ಹಾಕಿಸದ ಬಗ್ಗಿಯಲ್ಲಿ ಮಕ್ಕಳನ್ನು ಕೂರಿಸಬೇಡಿ ಎನ್ನುವುದು ಆ ಕಾರಣಕ್ಕೆ.

ಇನ್ನೊಂದು, ಬೆಲ್ಟು. ಬಗ್ಗಿಯ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವುದು ಎರಡು ಪುಲ್ಲಿಗಳ ನಡುವಿನ ರಬ್ಬರ್ ಬೆಲ್ಟು. ಸ್ನೋಮೊಬೈಲ್‌ನದೂ ಅದೇ ಏರ್ಪಾಡು. ಅಲ್ಲಿ ಸುತ್ತಲೂ ಕೊರೆಯುವ ಚಳಿ. ಇಲ್ಲಿ ಮಾರ್ಚ್ ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು, ಮೇಲೆ ಎರಡು ಜನರ ಭಾರ, ಮೆತ್ತನೆಯ ಮರಳಿನಲ್ಲಿ ನಿಧಾನದ ಎಳೆತ. ಬೆಲ್ಟು ಕಾದು, ರಬ್ಬರ್ ಸುಟ್ಟ ವಾಸನೆ ಬಂದು, ಫಟ್ ಎಂದು ಹರಿಯುತ್ತದೆ. ಒಂದು ಬೆಲ್ಟನ್ನು ಬಿಡಿಯಾಗಿ ಇಟ್ಟುಕೊಂಡು ಬದಲಾಯಿಸುವುದನ್ನು ಕಲಿತಿರಬೇಕು. ಇಲ್ಲವಾದರೆ ಎಳೆಯಲು ಲ್ಯಾಂಡ್ ಕ್ರೂಸರ್ ಇಟ್ಟುಕೊಂಡ ಗೆಳೆಯ ಬೇಕು. ಖೋರ್ ಅಲ್ ಉದೈದ್ ಹತ್ತಿರದ ಸಬ್ಖಾದಲ್ಲಿ, ಅಂದರೆ ಮೇಲೆ ಉಪ್ಪಿನ ಹಪ್ಪಳ, ಕೆಳಗೆ ಕೆಸರು ಇರುವ ಬಯಲಿನಲ್ಲಿ ಬಗ್ಗಿ ಇಳಿದುಬಿಟ್ಟರೆ ಒಬ್ಬ ಗೆಳೆಯ ಸಾಲುವುದಿಲ್ಲ. ಕ್ವಾಡ್ ಆದರೆ ಇಬ್ಬರು ಸೇರಿ ಎತ್ತಿ ಈಚೆ ಇಟ್ಟು ಚಹಾ ಕುಡಿಯಬಹುದು.

ಮನೆಯೊಳಗಿನ ಲೆಕ್ಕ ಬೇರೆಯೇ ಇದೆ, ವಿದೇಶದಲ್ಲಿರುವ ನಮಗೆ ಹೆಚ್ಚು ಭಾರದ್ದೂ ಅದೇ. ಮುಂತಝಾದಲ್ಲೋ ನಜ್ಮಾದಲ್ಲೋ ಫ್ಲಾಟಿನಲ್ಲಿರುವವರು ಬಗ್ಗಿಯನ್ನು ಎಲ್ಲಿ ನಿಲ್ಲಿಸುತ್ತಾರೆ? ಕ್ವಾಡ್ ಪಿಕಪ್‌ನ ಹಿಂದೆ ಹತ್ತುತ್ತದೆ. ಬಗ್ಗಿಗೆ ಟ್ರೈಲರ್ ಬೇಕು, ಟ್ರೈಲರ್ ನಿಲ್ಲಿಸಲು ವಿಲ್ಲಾದ ಅಂಗಳ ಬೇಕು. ಬೆಲೆಯೋ ಸುಮಾರು ದುಪ್ಪಟ್ಟು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಎರಡೂ ಸುಮ್ಮನೆ ನಿಲ್ಲುತ್ತವೆ. ಬ್ಯಾಟರಿ ಸಾಯುತ್ತದೆ, ಪೆಟ್ರೋಲ್ ಹಳಸುತ್ತದೆ, ಬಿಸಿಲಿಗೆ ಟೈರು ಬಿರಿಯುತ್ತದೆ. ಇಷ್ಟರ ಮೇಲೆ ನಮ್ಮ ವಾಸ ನಿಂತಿರುವುದು ಕೆಲಸದ ಕರಾರಿನ ಮೇಲೆ. ಕರಾರು ಮುಗಿದರೆ ಒಂದು ತಿಂಗಳೊಳಗೆ ಗಾಡಿ ಮಾರಿ ವಿಮಾನ ಹತ್ತಬೇಕಾದವನಿಗೆ, ಎಲ್ಲರಿಗೂ ಪರಿಚಯವಿರುವ, ಬಿಡಿಭಾಗ ಸುಲಭವಾಗಿ ಸಿಗುವ ರ‍್ಯಾಪ್ಟರ್ ಮಾರುವಷ್ಟು ಬೇಗ ಬಗ್ಗಿ ಮಾರುವುದು ಕಷ್ಟ.

ಇಷ್ಟನ್ನೂ ತೂಗಿ ನೋಡಿದರೆ ನನ್ನ ಮನಸ್ಸು ವಾಲುವುದು ಹೀಗೆ. ಹೆಂಡತಿಯೂ ಬರುತ್ತಾಳೆ, ಮಕ್ಕಳೂ ಬರುತ್ತಾರೆ, ಅಂಗಳವೂ ಇದೆ, ಇನ್ನೂ ಕೆಲವು ವರ್ಷ ಇಲ್ಲೇ ಎಂಬ ಧೈರ್ಯವೂ ಇದೆ ಎನ್ನುವವರಿಗೆ ಬಗ್ಗಿ, ಟರ್ಬೊ ಇಲ್ಲದ್ದು. ಒಬ್ಬರೇ ಹೋಗುವವರಿಗೆ ಕ್ವಾಡ್. ಎಂಜಿನ್ ವಿಷಯದಲ್ಲಿ ಉಡುಪಿಯ ಮೆಕ್ಯಾನಿಕ್‌ಗೆ ಮುಕ್ಕಾಲು ಪಾಲು ಗೆಲುವು ಕೊಡುತ್ತೇನೆ. ಅನೇಕ ಕ್ವಾಡ್‌ಗಳಲ್ಲಿ ಎಕ್ಸಲರೇಟರಿನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಬಿಗಿ ಮಾಡಿದಷ್ಟೂ ಹೆಬ್ಬೆರಳು ಪೂರ್ತಿ ಒತ್ತಿದರೂ ಗಾಡಿಯ ವೇಗ ಒಂದು ಮಿತಿಯಲ್ಲೇ ಉಳಿಯುತ್ತದೆ. 700 ಕೊಂಡು ಮೊದಲ ಸೀಸನ್ ಸ್ಕ್ರೂ ಬಿಗಿಯಾಗಿಯೇ ಇಡುವ ಶಿಸ್ತು ಇದೆಯೆಂದು ನಿಮಗೆ ನೀವೇ ನಂಬುವುದಾದರೆ 700, ನಂಬಿಕೆಯಿಲ್ಲದಿದ್ದರೆ 400. ಮನೆಯ ಬಾಗಿಲು ತೆರೆಯುವವರನ್ನೂ ಈ ವಿಷಯದಲ್ಲಿ ಕೇಳಿ. ಅವರಿಗೆ ನಿಮ್ಮ ಶಿಸ್ತು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಂಜಿನ್ನಿನ ಸದ್ದು ಕೇಳಿ ಮರುಳಾಗುವ ಮೊದಲು ಸೀಟು ಎತ್ತಿಸಿ ಏರ್ ಫಿಲ್ಟರ್ ಡಬ್ಬಿ ತೆರೆಯಲು ಹೇಳಿ. ಸ್ಪಂಜಿನ ಫಿಲ್ಟರ್ ಎಣ್ಣೆಯ ಪಸೆಯಿಂದ ಅಂಟಂಟಾಗಿರಬೇಕು. ಅದನ್ನು ತೆಗೆದು ಡಬ್ಬಿಯ ಒಳಬದಿಗೆ, ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಬಾಯಿಗೆ ಬೆರಳು ಸವರಿ ನೋಡಿ. ಗೋಧಿ ಹಿಟ್ಟಿನಂಥ ನುಣ್ಣನೆ ಮರಳು ಬೆರಳಿಗೆ ಅಂಟಿದರೆ ಅದು ಆಗಲೇ ಸಿಲಿಂಡರಿನೊಳಕ್ಕೂ ಹೋಗಿದೆ. ಅಂಥ ಗಾಡಿಗೆ ಬೆಲೆ ಕೇಳುವುದೇ ಬೇಡ.